ಹೆಲಿಕಾಪ್ಟರ್ ನಮ್ಮದು, ಎಂಜಿನ್ ಯಾರದು?

ನಮ್ಮೂರು ಬ್ಲಫ್. ಇಲ್ಲಿನ ಶಿವನಸಮುದ್ರ ವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿತು ಎಂಬುದು ನಿಮಗೆಲ್ಲ ಗೊತ್ತು. ಆದರೆ ನೀರು ಮಾತ್ರ ನಮ್ಮ ಕಾವೇರಿಯದು. ಮೊದಲ ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅಪಾಚೆ ದಾಳಿ ಹೆಲಿಕಾಪ್ಟರಿನ ಎಂಜಿನ್ ಕೂಡ ಅದೇ ಕಂಪನಿಯದು. ಯಂತ್ರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಇಂದಿಗೂ ಎಷ್ಟು ದೊಡ್ಡದು ಎಂಬುದನ್ನು ಕರ್ನಾಟಕದಲ್ಲೇ ತಯಾರಾಗುವ 'ಪ್ರಚಂಡ' ಹೆಲಿಕಾಪ್ಟರಿನ ಮೂಲಕ ಹೇಳುತ್ತೇನೆ.

ದಾಳಿ ಹೆಲಿಕಾಪ್ಟರ್ ಜನರನ್ನು ಸಾಗಿಸುವುದಕ್ಕಲ್ಲ. ಅದರ ಮೈ ತೆಳ್ಳಗೆ. ಇಬ್ಬರು ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಮೂತಿಯ ಕೆಳಗೆ ತಿರುಗುವ ಬಂದೂಕು, ಪಕ್ಕಗಳಲ್ಲಿ ರಾಕೆಟ್ ಮತ್ತು ಕ್ಷಿಪಣಿ ಇರುತ್ತವೆ.

1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮಲ್ಲಿದ್ದ ರಷ್ಯಾದ ದಾಳಿ ಹೆಲಿಕಾಪ್ಟರ್‌ಗಳು ಆ ಎತ್ತರದ ಶಿಖರಗಳಲ್ಲಿ ಉಪಯೋಗಕ್ಕೆ ಬರಲಿಲ್ಲ. ಮೇಲೆ ಹೋದಂತೆ ಗಾಳಿಯ ಸಾಂದ್ರತೆ ಕಡಿಮೆಯಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಸಿಗುವುದಿಲ್ಲ, ಎಂಜಿನ್ ಶಕ್ತಿಯೂ ಕುಗ್ಗುತ್ತದೆ. ಅದಕ್ಕೇ ಬೆಂಗಳೂರಿನ ಎಚ್‌ಎಎಲ್ ಹಗುರವಾದ ಪ್ರಚಂಡವನ್ನು ರೂಪಿಸಿತು. ಅದು 2010ರಲ್ಲಿ ಮೊದಲು ಹಾರಿ, 2022ರ ಅಕ್ಟೋಬರಿನಲ್ಲಿ ವಾಯುಪಡೆ ಸೇರಿತು. 5,000 ಮೀಟರ್ ಎತ್ತರದಲ್ಲೂ ಇಳಿದು ಏರಬಲ್ಲದು. 2025ರ ಮಾರ್ಚಿನಲ್ಲಿ ಸರ್ಕಾರ ಸುಮಾರು 62,700 ಕೋಟಿ ರೂಪಾಯಿಗೆ 156 ಪ್ರಚಂಡಗಳಿಗೆ ಒಪ್ಪಂದ ಮಾಡಿಕೊಂಡಿತು. ಇವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ.

ಹಾಗಾದರೆ ಇದನ್ನು ಬೇರೆ ದೇಶಗಳಿಗೆ ಮಾರಬಹುದಲ್ಲ? ಇಲ್ಲೇ ತೊಡಕು. ಟರ್ಕಿಯ ಉದಾಹರಣೆ ನೋಡಿ. 2018ರಲ್ಲಿ ಪಾಕಿಸ್ತಾನ ಟರ್ಕಿಯಿಂದ 30 'ಟಿ129' ದಾಳಿ ಹೆಲಿಕಾಪ್ಟರ್ ಕೊಳ್ಳಲು ಒಪ್ಪಿತ್ತು. ಬೆಲೆ ಸುಮಾರು 150 ಕೋಟಿ ಡಾಲರ್. ಆದರೆ ಅದರ ಎಂಜಿನ್ ತಯಾರಿಕೆಯಲ್ಲಿ ಅಮೆರಿಕದ ಕಂಪನಿಗೆ ಪಾಲಿತ್ತು. ಅಮೆರಿಕ ರಫ್ತಿಗೆ ಪರವಾನಗಿ ಕೊಡಲಿಲ್ಲ. ವ್ಯಾಪಾರ ಮುರಿದುಬಿತ್ತು. ಪಾಕಿಸ್ತಾನ ಚೀನಾದ ಹೆಲಿಕಾಪ್ಟರಿನ ಕಡೆ ತಿರುಗಿತು. ಅದೇ ಟಿ129 ಅನ್ನು ಫಿಲಿಪ್ಪೀನ್ಸಿಗೆ ಮಾರಲು ಮಾತ್ರ ಒಪ್ಪಿಗೆ ಸಿಕ್ಕಿತು. ಅಂದರೆ ಗಿರಾಕಿ ಯಾರೆಂದು ತೀರ್ಮಾನಿಸಿದ್ದು ಹೆಲಿಕಾಪ್ಟರ್ ಕಟ್ಟಿದವರಲ್ಲ, ಎಂಜಿನ್ ಒಡೆಯರು.

ಪ್ರಚಂಡದ 'ಶಕ್ತಿ' ಎಂಜಿನ್ನನ್ನು ಎಚ್‌ಎಎಲ್ ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆ ಸೇರಿ ರೂಪಿಸಿದೆ. ಅದರ 20 ಮಿ.ಮೀ. ಬಂದೂಕು ಕೂಡ ಫ್ರಾನ್ಸಿನದು. ಹಾಗಾಗಿ ಹೊರಗೆ ಮಾರುವಾಗ ಫ್ರಾನ್ಸಿನ ಮಾತೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಪಾಠವನ್ನು ಈಕ್ವೆಡಾರ್ ಕಲಿಸಿದೆ. ಪ್ರಚಂಡದ ಅಣ್ಣನಂಥ 'ಧ್ರುವ' ಹೆಲಿಕಾಪ್ಟರ್‌ಗಳನ್ನು ಆ ದೇಶ ಏಳು ಕೊಂಡಿತ್ತು. ನಾಲ್ಕು ಅಪಘಾತಕ್ಕೀಡಾದವು. ಬಿಡಿಭಾಗ ಸರಿಯಾಗಿ ಸಿಗುತ್ತಿಲ್ಲವೆಂದೂ ದೂರಿ 2015ರಲ್ಲಿ ಒಪ್ಪಂದ ರದ್ದು ಮಾಡಿತು. ಹೆಲಿಕಾಪ್ಟರ್ ಮಾರುವುದೆಂದರೆ ಮೂವತ್ತು ವರ್ಷ ರಿಪೇರಿಯ ಹೊಣೆ ಹೊತ್ತಂತೆ.

ಪರವಾನಗಿ ಬರೀ ಕಿರಿಕಿರಿಯೂ ಅಲ್ಲ. ಇದು ಟ್ರ್ಯಾಕ್ಟರ್ ವ್ಯಾಪಾರವಲ್ಲ. ಕೊಂಡವರು ಆ ಬಂದೂಕನ್ನು ಗಡಿಯ ಶತ್ರುವಿನತ್ತ ತಿರುಗಿಸುತ್ತಾರೋ, ತಮ್ಮದೇ ಹಳ್ಳಿಗಳತ್ತ ತಿರುಗಿಸುತ್ತಾರೋ ಎಂದು ಮಾರುವವರು ಕೇಳಲೇಬೇಕು. ನಾಳೆ ಭಾರತ ಮಾರುವಾಗಲೂ ಈ ಪ್ರಶ್ನೆ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಅದರ ಉತ್ತರವನ್ನು ನಾವೇ ತೀರ್ಮಾನಿಸಬೇಕಾದರೆ ಎಂಜಿನ್ ನಮ್ಮದಾಗಿರಬೇಕು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದಾಗ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಪಾಲುದಾರನಾಗಿ ಕೈಜೋಡಿಸಿತು. ಅದೇ ಇಂದಿನ ಎಚ್‌ಎಎಲ್. ಇನ್ನು ಉಳಿದಿರುವುದು ಎಂಜಿನ್. ಬ್ಲಫ್‌ನ ಟರ್ಬೈನನ್ನು ನೀರು ತಿರುಗಿಸುತ್ತದೆ, ಹೆಲಿಕಾಪ್ಟರಿನದನ್ನು ಬಿಸಿ ಅನಿಲ ತಿರುಗಿಸುತ್ತದೆ. ಆ ಬಿಸಿಯನ್ನು ತಾಳುವ ಲೋಹ ಮಾಡುವುದೇ ಕಷ್ಟದ ಕೆಲಸ. ಭೌತಶಾಸ್ತ್ರ, ರಸಾಯನಶಾಸ್ತ್ರ ಓದುತ್ತಿರುವ ಗೆಳೆಯ ಗೆಳತಿಯರೇ, ಆ ಕೆಲಸಕ್ಕೆ ಜನ ಬೇಕಾಗಿದ್ದಾರೆ.