ಬಳಕೆದಾರರ ಕಡತಗಳ ನೆಲೆ: ಗಡಿನಾಡಿನ ಪದಸಂಗ್ರಹದ ದೃಷ್ಟಿಯಿಂದ

ರಾಯದುರ್ಗ ಮತ್ತು ಮಡಕಶಿರ ಪರಿಸರದ ಕನ್ನಡವನ್ನು ಅಭ್ಯಸಿಸುವ ಸಂಶೋಧಕರು ಇಂದು ಟಿಪ್ಪಣಿ ಪುಸ್ತಕಕ್ಕಿಂತ ಗಣಕಯಂತ್ರವನ್ನೇ ಹೆಚ್ಚಾಗಿ ಅವಲಂಬಿಸಿದ್ದಾರೆ. ಧ್ವನಿಮುದ್ರಣ, ಲಿಪ್ಯಂತರ, ಪದಪಟ್ಟಿ ಎಲ್ಲವೂ ಈಗ ಕಡತಗಳೇ. ಆದರೆ ಈ ಕಡತಗಳು ಯಂತ್ರದ ಯಾವ ಭಾಗದಲ್ಲಿ ನೆಲೆಸಬೇಕೆಂಬುದನ್ನು ಅನೇಕ ವೇಳೆ ನಿರ್ಧರಿಸುವವರು ತಂತ್ರಾಂಶದ ರಚನಕಾರರು. ಆ ನಿರ್ಧಾರದ ಹಿಂದಿರುವ ತತ್ತ್ವವನ್ನೂ, ಅದರಿಂದ ಗಡಿನಾಡಿನ ಭಾಷಾಸಂಗ್ರಹಕ್ಕೆ ಒದಗಬಹುದಾದ ಹಾನಿಯನ್ನೂ ವಿವರಿಸುವುದು ಈ ಬರಹದ ಉದ್ದೇಶ.

ತಂತ್ರಾಂಶವೊಂದು ಬರೆಯುವ ಕಡತಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಬಳಕೆದಾರರ ಕೃತಿ, ಅಂದರೆ ಅವರೇ ರಚಿಸಿದ, ಕಳೆದುಹೋದರೆ ಮರಳಿ ಬಾರದ ವಸ್ತು. ಎರಡನೆಯದು ಅಕ್ಷರದ ಗಾತ್ರ, ಕೀಲಿಮಣೆಯ ವಿನ್ಯಾಸ ಮುಂತಾದ ಹೊಂದಾಣಿಕೆಗಳು. ಮೂರನೆಯದು ತಂತ್ರಾಂಶವು ತನ್ನ ವೇಗಕ್ಕಾಗಿ ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಸಾಮಗ್ರಿ. ಇದನ್ನು ಅಳಿಸಿದರೂ ನಷ್ಟವಿಲ್ಲ. ಲಿನಕ್ಸ್ ಪ್ರಪಂಚದಲ್ಲಿ ಎಕ್ಸ್‌ಡಿಜಿ ನಿಯಮಾವಳಿಯು ಬಳಕೆದಾರರ ಮನೆಕೋಶದೊಳಗೆ ಹೊಂದಾಣಿಕೆಗೆ, ತಂತ್ರಾಂಶದ ದತ್ತಾಂಶಕ್ಕೆ, ತಾತ್ಕಾಲಿಕ ಸಾಮಗ್ರಿಗೆ ಬೇರೆ ಬೇರೆ ಕೋಶಗಳನ್ನು ವಿಧಿಸುತ್ತದೆ. ವಿಂಡೋಸ್‌ನಲ್ಲಿ ಇವುಗಳಿಗೆ ‘ಆಪ್‌ಡೇಟಾ’, ಮ್ಯಾಕ್‌ನಲ್ಲಿ ‘ಲೈಬ್ರರಿ’ ಎಂಬ ಕೋಶಗಳಿವೆ. ಇವೆಲ್ಲವೂ ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಮರೆಯಾಗಿರುತ್ತವೆ. ಬಳಕೆದಾರರ ಕೃತಿಗೆ ಮಾತ್ರ ‘ಡಾಕ್ಯುಮೆಂಟ್ಸ್’ನಂತಹ ತೆರೆದ ಕೋಶವುಂಟು.

ಈ ವಿಭಾಗಕ್ರಮ ಮೊದಲಿನಿಂದಲೂ ಪಾಲನೆಯಾಗಿರಲಿಲ್ಲ. ಹಳೆಯ ತಂತ್ರಾಂಶಗಳು ಅನೇಕ ವೇಳೆ ತಮ್ಮನ್ನು ಸ್ಥಾಪಿಸಿದ ಕೋಶದಲ್ಲಿಯೇ ಬಳಕೆದಾರರ ಕಡತಗಳನ್ನೂ ಬರೆಯುತ್ತಿದ್ದವು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಇದಕ್ಕೆ ತಡೆಯೊಡ್ಡಿತು. ಆದರೆ ಹಳೆಯ ತಂತ್ರಾಂಶ ನಿಂತುಹೋಗದಿರಲೆಂದು, ಅದು ಬರೆದುದನ್ನು ಪ್ರತಿ ಬಳಕೆದಾರರ ‘ವರ್ಚುಯಲ್‌ಸ್ಟೋರ್’ ಎಂಬ ಮರೆಯ ಕೋಶಕ್ಕೆ ತಿರುಗಿಸುವ ಏರ್ಪಾಡನ್ನೂ ಮಾಡಿತು. ಪರಿಣಾಮವಾಗಿ, ಒಂದೇ ಯಂತ್ರದಲ್ಲಿ ಒಬ್ಬರು ಸೇರಿಸಿದ ಪದಪಟ್ಟಿ ಬೇರೆ ಹೆಸರಿನಲ್ಲಿ ಪ್ರವೇಶಿಸಿದ ಇನ್ನೊಬ್ಬರಿಗೆ ಕಾಣದೆ ಹೋಗಬಹುದು. ಕಡತ ಕಳೆದಿಲ್ಲ, ಅದರ ನೆಲೆ ಮಾತ್ರ ತಿಳಿಯದು.

ಸೂಕ್ಷ್ಮವಾದ ಸಮಸ್ಯೆ ಇರುವುದು ಮೊದಲೆರಡು ಬಗೆಗಳ ನಡುವಣ ಗಡಿಯಲ್ಲಿ. ಸಂಶೋಧಕರೊಬ್ಬರು ಮಡಕಶಿರದ ಕಡೆಯ ಮಾತನ್ನು ಲಿಬ್ರೆಆಫೀಸ್‌ನಲ್ಲಿ ಲಿಪ್ಯಂತರಿಸುತ್ತಿದ್ದಾರೆಂದು ಭಾವಿಸೋಣ. ಹಕಾರ ಲೋಪವಾದ ‘ಅಳ್ಳಿ’, ‘ಅಬ್ಬ’ಗಳಂತಹ ಗ್ರಾಮ್ಯರೂಪಗಳು, ತೆಲುಗು ಪದಕ್ಕೆ ಕನ್ನಡ ಪ್ರತ್ಯಯ ಹತ್ತಿದ ರೂಪಗಳು ಕಾಗುಣಿತ ಪರೀಕ್ಷಕಕ್ಕೆ ತಪ್ಪಾಗಿಯೇ ತೋರುತ್ತವೆ, ಕೆಂಪು ಗೆರೆ ಬೀಳುತ್ತದೆ. ಪ್ರತಿ ಸಲವೂ ಅವರು ‘ನಿಘಂಟಿಗೆ ಸೇರಿಸು’ ಎಂಬ ಆಯ್ಕೆಯನ್ನು ಒತ್ತುತ್ತಾರೆ. ಹೀಗೆ ತಿಂಗಳುಗಟ್ಟಲೆ ನಡೆದರೆ, ಶಿಷ್ಟ ಕನ್ನಡದ ನಿಘಂಟು ಒಪ್ಪದ ರೂಪಗಳ ಒಂದು ಪಟ್ಟಿ ಅರಿವಿಲ್ಲದೆಯೇ ಸಿದ್ಧವಾಗುತ್ತದೆ. ಉಪಭಾಷಾ ಅಧ್ಯಯನಕ್ಕೆ ಅದಕ್ಕಿಂತ ಉಪಯುಕ್ತವಾದ ಪಟ್ಟಿ ವಿರಳ. ಆದರೆ ತಂತ್ರಾಂಶದ ದೃಷ್ಟಿಯಲ್ಲಿ ಅದು ಹೊಂದಾಣಿಕೆ ಮಾತ್ರ. ‘ಸ್ಟ್ಯಾಂಡರ್ಡ್.ಡಿಕ್’ ಎಂಬ ಕಡತವಾಗಿ, ಬಳಕೆದಾರರ ಮರೆಯ ಕೋಶದೊಳಗಿನ ‘ವರ್ಡ್‌ಬುಕ್’ನಲ್ಲಿ ಅದು ಅಡಗಿರುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನ ‘ಕಸ್ಟಮ್.ಡಿಕ್’, ಫೈರ್‌ಫಾಕ್ಸ್‌ನ ‘ಪರ್ಸ್‌ಡಿಕ್ಟ್.ಡ್ಯಾಟ್’ ಕಡತಗಳ ಸ್ಥಿತಿಯೂ ಇದೇ. ‘ಡಾಕ್ಯುಮೆಂಟ್ಸ್’ ಕೋಶವನ್ನಷ್ಟೇ ನಕಲು ಮಾಡಿಕೊಂಡು ಯಂತ್ರವನ್ನು ಹೊಸದಾಗಿ ಸಜ್ಜುಗೊಳಿಸಿದರೆ ಲೇಖನಗಳು ಉಳಿಯುತ್ತವೆ, ಪದಗಳು ಹೋಗುತ್ತವೆ.

ಕಡತದ ಗುರುತನ್ನು ಅದಿರುವ ಕೋಶದ ಹೆಸರಿಗೆ ಒಪ್ಪಿಸುವುದೂ ಕ್ಷೇಮವಲ್ಲ. ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳೊಡನೆ ಆಂಧ್ರ ರಾಜ್ಯಕ್ಕೆ ಸೇರಿತು. ಮಡಕಶಿರವು 2022ರ ಏಪ್ರಿಲ್ 4ರಂದು ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ‘ಅನಂತಪುರ’ ಎಂಬ ಕೋಶದಲ್ಲಿಟ್ಟ ಮಡಕಶಿರದ ಧ್ವನಿಮುದ್ರಣವನ್ನು ನಾಳೆ ಯಾರು, ಎಲ್ಲಿ ಹುಡುಕಬೇಕು? ಗ್ರಾಮ, ದಿನಾಂಕ, ಸಂಗ್ರಹಕಾಲದ ಜಿಲ್ಲೆ ಇವುಗಳು ಕಡತದೊಳಗೆ ಅಥವಾ ಅದರ ಜೊತೆಗಿನ ವಿವರಪತ್ರದಲ್ಲಿ ಇದ್ದರೆ, ನೆಲೆ ಬದಲಾದರೂ ಗುರುತು ಅಳಿಯದು.

ಆದ್ದರಿಂದ ತಂತ್ರಾಂಶ ರಚನಕಾರರು ಪಾಲಿಸಬೇಕಾದ ಸೂತ್ರ ಸರಳವಾದುದು: ಮರಳಿ ಸೃಷ್ಟಿಸಲಾಗದ ಯಾವುದೂ ಮರೆಯ ಕೋಶದಲ್ಲಿ ಮಾತ್ರ ಇರಕೂಡದು. ವೈಯಕ್ತಿಕ ನಿಘಂಟನ್ನು ಬಳಕೆದಾರರು ತಾವು ಬಯಸಿದ ತೆರೆದ ಕೋಶಕ್ಕೆ ಸುಲಭವಾಗಿ ಹೊರತೆಗೆಯುವಂತಿರಬೇಕು. ರಚನಕಾರರು ಇದನ್ನು ಮಾಡುವವರೆಗೆ ಹೊಣೆ ಸಂಶೋಧಕರದು. ಮೇಲೆ ಹೇಳಿದ ಲಿಬ್ರೆಆಫೀಸ್ ಕಡತ ಸಾದಾ ಪಠ್ಯವೇ ಆಗಿರುವುದರಿಂದ ಅದನ್ನು ಯಾವ ಸಂಪಾದಕದಲ್ಲಾದರೂ ತೆರೆಯಬಹುದು. ಪ್ರತಿ ಕ್ಷೇತ್ರಕಾರ್ಯದ ಕೊನೆಗೆ ಅದರ ಒಂದು ಪ್ರತಿಯನ್ನು ದಿನಾಂಕ ಸಹಿತವಾಗಿ ಧ್ವನಿಮುದ್ರಣಗಳ ಪಕ್ಕದಲ್ಲಿ ಇರಿಸಿಕೊಳ್ಳುವುದು ಕೆಲವೇ ನಿಮಿಷಗಳ ಕೆಲಸ. ಕೆಂಪು ಗೆರೆ ಬಿದ್ದ ಪದಗಳೇ ಗಡಿನಾಡಿನ ಕನ್ನಡದ ಸಾಕ್ಷ್ಯ. ಅವು ಎಲ್ಲಿವೆಯೆಂಬುದು ನಮಗೆ ತಿಳಿದಿರಬೇಕು.