ಉತ್ತರ ಸಿಕ್ಕರೆ ಸಾಲದು, ವಹಿಗೆ ಏರಬೇಕು

ಅಡತಿ ಅಂಗಡಿ ನಡೆಸಿದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವದಾ ಕುದುರಿತು ಅಂದ ಮಾತ್ರಕ್ಕೆ ವ್ಯವಹಾರ ಮುಗಿಯಲಿಲ್ಲ. ಯಾರ ಮಾಲು, ಎಷ್ಟು ಚೀಲ, ಏನು ಧಾರಣೆ, ತೂಕ ಆಯಿತೋ ಇಲ್ಲವೋ, ಇಷ್ಟೂ ವಹಿಗೆ ಏರಿದ ಮೇಲೆಯೇ ಸವದಾಕ್ಕೆ ಜೀವ. ಬಾಯಿಲೆಕ್ಕ ನಾಲ್ಕು ದಿನ ನಿಲ್ಲುತ್ತದೆ, ಐದನೆಯ ದಿನ ಜಗಳಕ್ಕೆ ದಾರಿ ಮಾಡುತ್ತದೆ.

ಅಕ್ಕಲಕೋಟೆಯಲ್ಲಿ ಮೂವತ್ತು ವರ್ಷ ತೊಗರಿ ವ್ಯಾಪಾರ ಮಾಡಿದ ನಾನು, 2023ರಲ್ಲಿ ಆರು ತಿಂಗಳು ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಟ್ಟಣದಲ್ಲಿ ತಂಗಿಯ ಮಗನ ಮನೆಯಲ್ಲಿದ್ದೆ. ಅಲ್ಲಿ ಒಂದು ಆಟ ನೋಡಿದೆ. ನಮ್ಮ ವಹಿಯ ನಿಯಮ ಆ ಆಟಕ್ಕೂ ಅಷ್ಟೇ ಗಟ್ಟಿಯಾಗಿ ಅನ್ವಯಿಸುತ್ತದೆ ಎಂಬುದು ಸೋಜಿಗ. ಆಟದ ಹೆಸರು ಜಿಯೋಕ್ಯಾಶಿಂಗ್. ಸರಳವಾಗಿ ಹೇಳುವುದಾದರೆ, ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಇನ್ನೊಬ್ಬರು ಉಪಗ್ರಹದ ಸಹಾಯದಿಂದ ಹುಡುಕುವುದು.

ಒಂದು ಬಕೀಟಿನಿಂದ ಆರಂಭ

ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೈನ್ಯದ್ದು. ಮೊದಲು ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿದ್ದರು. ನೂರು ಮೀಟರ್ ಅತ್ತಿತ್ತ ಆಗುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಈ ಕೆಡಿಸುವಿಕೆ ನಿಂತಿತು. ಒಂದೇ ರಾತ್ರಿಯಲ್ಲಿ ಯಂತ್ರಗಳ ಲೆಕ್ಕ ನಿಖರವಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬವರು ಪೋರ್ಟ್‌ಲ್ಯಾಂಡಿಗೆ ಸಮೀಪದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಪ್ಲಾಸ್ಟಿಕ್ ಬಕೀಟು ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಕಂಪ್ಯೂಟರಿನ ಮೂಲಕ ಜಗತ್ತಿಗೆ ಸಾರಿದರು. ಒಳಗೆ ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ ಇದ್ದವು. ಮೂರು ದಿನದೊಳಗೆ ಮೈಕ್ ಟೀಗ್ ಎಂಬವರು ಅದನ್ನು ಹುಡುಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಎಂಬವರು ಇದಕ್ಕಾಗಿ ಒಂದು ತಾಣ ತೆರೆದರು. ಇಂದು ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ನಮ್ಮ ದೇಶದಲ್ಲೂ ಇವೆ, ಆದರೆ ತೀರ ವಿರಳ.

ಅಕ್ಷಾಂಶ ರೇಖಾಂಶ ಎಂದರೆ ಮಹಾರಾಷ್ಟ್ರದಲ್ಲಿರುವ ನಮ್ಮ ಕನ್ನಡ ರೈತರಿಗೆ ಹೊಸದೇನಲ್ಲ. 2021ರ ಆಗಸ್ಟಿನಲ್ಲಿ ಇ-ಪೀಕ ಪಾಹಣಿ ಬಂದ ಮೇಲೆ ಬೆಳೆಯ ಫೋಟೋ ತೆಗೆದು ಮೊಬೈಲಿನಿಂದಲೇ ಜಾಗದ ಸಮೇತ ದಾಖಲಿಸುವುದು ರೂಢಿಯಾಗಿದೆ. ಸಾತ್‌ಬಾರಾ ಉತಾರಿಗೆ ಏರುವ ಬೆಳೆಗೂ ಕಾಡಿನಲ್ಲಿ ಬಚ್ಚಿಟ್ಟ ಡಬ್ಬಿಗೂ ವಿಳಾಸ ಬರೆಯುವ ರೀತಿ ಒಂದೇ.

ಒಗಟಿನ ಡಬ್ಬಿ ಎಂದರೆ

ಸಾಧಾರಣ ಡಬ್ಬಿಗೆ ಪುಟದಲ್ಲಿ ಕೊಟ್ಟ ಜಾಗವೇ ನಿಜವಾದ ಜಾಗ. ಒಗಟಿನ ಡಬ್ಬಿಯ ಮಾತು ಬೇರೆ. ನಕ್ಷೆಯ ಮೇಲೆ ನೀಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಅದು ತೋರಿಸುವ ಜಾಗದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ನಿಜವಾದ ಜಾಗ ಅಲ್ಲಿಂದ 2 ಮೈಲಿ, ಅಂದರೆ ಸುಮಾರು 3 ಕಿಲೋಮೀಟರಿನ ಒಳಗೆ ಎಲ್ಲೋ ಇರುತ್ತದೆ. ಪುಟದಲ್ಲಿರುವ ಒಗಟು ಬಿಡಿಸಿದರೆ ಮಾತ್ರ ಅದು ಗೊತ್ತಾಗುತ್ತದೆ. ನಮ್ಮ ಗಡಿಯಲ್ಲಿ ಬೋರ್ಡಿನ ಮೇಲೆ ಸೋಲಾಪುರ, ಬಾಯಲ್ಲಿ ಸೊಲ್ಲಾಪುರ. ಹೆಸರು ಎರಡು, ಊರು ಒಂದು. ಇಲ್ಲಿ ತಿರುವುಮುರುವು: ಹೆಸರು ಒಂದು, ಜಾಗ ಎರಡು. ಎಲ್ಲ ತೊಡಕು ಹುಟ್ಟುವುದೂ ಇಲ್ಲಿಂದಲೇ.

ಆ ಸೀಮೆಯ ಹವೆಯೂ ಈ ತೊಡಕಿಗೆ ಕೂಡಿಕೊಳ್ಳುತ್ತದೆ. ಪೋರ್ಟ್‌ಲ್ಯಾಂಡಿನಲ್ಲಿ ನವೆಂಬರಿನಿಂದ ವಸಂತದವರೆಗೆ ಜಿಟಿಜಿಟಿ ಮಳೆ. ಹೊರಗೆ ಹೋಗಲಾರದ ಜನ ಒಲೆಯ ಹತ್ತಿರ ಕೂತು ಒಗಟು ಬಿಡಿಸುತ್ತಾರೆ. ಬಿಸಿಲು ಬಿದ್ದು ದಾರಿ ಒಣಗುವುದು ಜೂನ್ ಜುಲೈಗೆ. ಉತ್ತರ ಸಿಕ್ಕಿದ್ದು ಜನವರಿಯಲ್ಲಿ, ಹುಡುಕಲು ಹೋಗುವುದು ಜುಲೈಯಲ್ಲಿ. ನಡುವಿನ ಆರು ತಿಂಗಳು ಆ ಉತ್ತರ ಎಲ್ಲಿರಬೇಕು?

ನನ್ನ ಅಳಿಯನ ಉತ್ತರಗಳು ಎಲ್ಲೆಲ್ಲಿದ್ದವು ಎಂದರೆ, ಲಕೋಟೆಯ ಹಿಂದೆ, ಬಿಲ್ಲಿನ ಅಂಚಿನಲ್ಲಿ, ಫೋನಿನಲ್ಲಿ, ಎರಡು ಮೂರು ತಲೆಯಲ್ಲಿ. ಒಂದು ಚೀಟಿಯ ಮೇಲೆ ಬರೀ 17.46 ಅಂತ ಇತ್ತು. "ಇದು ಯಾವ ಡಬ್ಬೀದೋ?" ಅಂದೆ. "ನೆನಪು ಹಾರೇತಿ ಮಾಮಾ, ಮತ್ತೊಮ್ಮೆ ಬಿಡಸ್ಬೇಕು" ಅಂದ. ಒಂದು ಒಗಟಿಗೆ ಎರಡು ರಾತ್ರಿ ಕಳೆದ ಹುಡುಗ ಅದಕ್ಕೇ ಮತ್ತೆರಡು ರಾತ್ರಿ ಕೊಡಬೇಕು. ಕೊಟ್ಟ ಸಾಲವನ್ನು ಬರೆದಿಡದೆ ಮತ್ತೆ ಕೊಟ್ಟಂತೆ.

ವಹಿಯ ಮನೆಗಳು

ಒಂದು ಉದ್ದನೆಯ ಪುಸ್ತಕ ತರಿಸಿ ಗೆರೆ ಹೊಡೆದುಕೊಟ್ಟೆ. ಮನೆಗಳು ಇವು:

ಒಂದು, ಡಬ್ಬಿಯ ಸಂಖ್ಯೆ. ಪ್ರತಿ ಡಬ್ಬಿಗೂ ಜಿಸಿ ಎಂದು ಆರಂಭವಾಗುವ ಒಂದು ಸಂಖ್ಯೆ ಇದೆ. ಹೆಸರು ಒಂದರಂತೆ ಇನ್ನೊಂದಿರಬಹುದು, ಸಂಖ್ಯೆ ಇರುವುದಿಲ್ಲ.

ಎರಡು, ಪುಟದಲ್ಲಿ ಕೊಟ್ಟ ಜಾಗ. ಮೂರು, ಬಿಡಿಸಿದ ಮೇಲೆ ಸಿಕ್ಕ ಜಾಗ. ಎರಡೂ ಅಕ್ಕಪಕ್ಕ ಇರಬೇಕು. ನಡುವಿನ ಅಂತರ 3 ಕಿಲೋಮೀಟರ್ ಮೀರಿದರೆ ಒಗಟು ಎಲ್ಲೋ ತಪ್ಪಿದೆ ಎಂದು ಮನೆಯಲ್ಲೇ ತಿಳಿಯುತ್ತದೆ.

ನಾಲ್ಕು, ಬಿಡಿಸಿದ ಬಗೆ. ಐದು, ತಾಳೆ ನೋಡಿದ್ದು ಆಯಿತೋ ಇಲ್ಲವೋ. ಬಹಳ ಒಗಟುಗಳಿಗೆ ಉತ್ತರ ಪರೀಕ್ಷಿಸುವ ವ್ಯವಸ್ಥೆ ಇರುತ್ತದೆ. ಜಿಯೋಚೆಕರ್, ಸರ್ಟಿಟ್ಯೂಡ್ ಎಂಬ ಹೆಸರುಗಳು ಅಲ್ಲಿ ಎಲ್ಲರಿಗೂ ಪರಿಚಿತ. ಹಾಕಿದ ಉತ್ತರ ಸರಿಯೋ ತಪ್ಪೋ ಅವು ಹೇಳುತ್ತವೆ. "ಸರಿ" ಅಂತ ಬಂದಿದ್ದಕ್ಕೂ ನಮ್ಮ ಅಂದಾಜಿಗೂ ವಹಿಯಲ್ಲಿ ಬೇರೆ ಬೇರೆ ಗುರುತು ಬೇಕು.

ಆರು, ಕಷ್ಟದ ಅಂಕ. ಒಗಟಿನ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು, 1ರಿಂದ 5ರವರೆಗೆ ಅಂಕ ಇರುತ್ತದೆ. ನೆಲಕ್ಕೆ 5 ಇದ್ದರೆ ಹಗ್ಗವೋ ದೋಣಿಯೋ ಬೇಕಾದೀತು. ಏಳು, ಗಾಡಿ ನಿಲ್ಲಿಸುವ ಜಾಗ ಮತ್ತು ಸುಳಿವು. ಎಂಟು, ಹೊರಡುವ ಹಿಂದಿನ ದಿನ ಪುಟ ನೋಡಿದ ತಾರೀಖು. ಜನವರಿಯಲ್ಲಿದ್ದ ಡಬ್ಬಿ ಜುಲೈಯಲ್ಲಿ ಇರಲೇಬೇಕೆಂದಿಲ್ಲ. ಮಾಲೀಕರು ಅದನ್ನು ತೆಗೆದಿರಬಹುದು, ಸರಿಸಿರಬಹುದು.

ಅಂಕಿಯ ಆಚೆ ಈಚೆ

ಮೂರನೆಯ ಮನೆ ತುಂಬುವಾಗ ಬಹಳ ಎಚ್ಚರ ಬೇಕು. ಉಲ್ಮರ್ ಅವರ ಆ ಮೊದಲ ಬಕೀಟಿನ ಅಕ್ಷಾಂಶವನ್ನೇ ತೆಗೆದುಕೊಳ್ಳಿ: ಉತ್ತರ 45 ಡಿಗ್ರಿ 17.460 ಮಿನಿಟು. ಈ ಆಟದ ರೂಢಿಯಲ್ಲಿ ಮಿನಿಟಿಗೆ ದಶಾಂಶ ಹಾಕಿ ಬರೆಯುತ್ತಾರೆ. ಇದನ್ನೇ ಒಬ್ಬರು 17 ಮಿನಿಟು 46 ಸೆಕೆಂಡು ಎಂದು ಓದಿದರೆ ಸುಮಾರು 570 ಮೀಟರ್ ಬಡಗಣಕ್ಕೆ ಹೋಗಿ ನಿಲ್ಲುತ್ತಾರೆ. ಇನ್ನೊಬ್ಬರು 45.1746 ಡಿಗ್ರಿ ಎಂದು ಯಂತ್ರಕ್ಕೆ ತುಂಬಿದರೆ ಸುಮಾರು 13 ಕಿಲೋಮೀಟರ್ ತೆಂಕಣಕ್ಕೆ. ಕೊನೆಯ ಎರಡು ಅಂಕಿ ಅದಲುಬದಲಾಗಿ 460 ಎಂಬುದು 406 ಆದರೆ ನೂರು ಮೀಟರ್ ಹೋಯಿತು. ದಟ್ಟ ಕಾಡಿನಲ್ಲಿ ಅಂಗೈಯಷ್ಟು ಡಬ್ಬಿ ಹುಡುಕುವವರಿಗೆ ನೂರು ಮೀಟರ್ ಎಂದರೆ ಬೇರೆ ಊರು. ಅಕ್ಷಾಂಶದ ಕೊನೆಯ ಅಂಕಿ ಒಂದು ಹೆಚ್ಚುಕಮ್ಮಿ ಆದರೆ ಮಾತ್ರ 2 ಮೀಟರಿಗಿಂತ ಕಡಿಮೆ. ಅಷ್ಟನ್ನು ಕಣ್ಣು ಸುಧಾರಿಸಿಕೊಳ್ಳುತ್ತದೆ.

ಹೊಲದ ಮೋಜಣಿಗೆ ಮೊಬೈಲ್ ಹಿಡಿದು ನಿಲ್ಲುವ ನಮ್ಮ ರೈತರೂ ಇದನ್ನು ಗಮನಿಸಬೇಕು. ಅಂಕಿ ಸರಿ ಇದ್ದು ಬರೆಯುವ ರೀತಿ ಬೇರೆಯಾದರೂ ಜಾಗ ತಪ್ಪುತ್ತದೆ.

ಬಗೆ ಬರೆದಿಟ್ಟವರಿಗೆ ದಾರಿ

ನಾಲ್ಕನೆಯ ಮನೆ ಯಾಕೆ ಬೇಕು, ಉತ್ತರ ಇದ್ದರೆ ಸಾಲದೆ, ಎಂದು ಓದುಗರು ಕೇಳಬಹುದು. ಅಳಿಯನೂ ಅದನ್ನೇ ಕೇಳಿದ. ತಿಳಿಯಲೆಂದು ನಾನೇ ಒಂದು ಮಾದರಿ ಒಗಟು ಮಾಡಿ ತೋರಿಸಿದೆ. ಪೋರ್ಟ್‌ಲ್ಯಾಂಡ್ ಸೇತುವೆಗಳ ಊರು. ವಿಲಾಮೆಟ್ ನದಿಯ ಮೇಲೆ ಒಂದರ ಹಿಂದೆ ಒಂದು. ಮೂರು ಸೇತುವೆಗಳ ವರ್ಷದ ಕೊನೆಯ ಅಂಕಿಯನ್ನು ಸಾಲಾಗಿ ಬರೆದರೆ ಮಿನಿಟಿನ ದಶಾಂಶ ಸಿಗುತ್ತದೆ ಅಂತ ಇಟ್ಟುಕೊಳ್ಳಿ: ಸೆಲ್‌ವುಡ್, ಸ್ಟೀಲ್, ಬ್ರಾಡ್‌ವೇ. ಸ್ಟೀಲ್ ಸೇತುವೆ 1912ರದು, ಬ್ರಾಡ್‌ವೇ 1913ರದು. ಸೆಲ್‌ವುಡ್ ಮೊದಲು ಕಟ್ಟಿದ್ದು 1925ರಲ್ಲಿ. ಹಾಗಾಗಿ ಉತ್ತರ 523. ಆದರೆ ಹಳೆಯ ಸೆಲ್‌ವುಡ್ ಈಗ ಇಲ್ಲ. ಅದರ ಜಾಗದಲ್ಲಿ ಹೊಸ ಸೇತುವೆ ತೆರೆದದ್ದು 2016ರಲ್ಲಿ. ಒಗಟು ಮಾಡಿದವರ ಮನಸ್ಸಿನಲ್ಲಿ ಹೊಸದಿದ್ದರೆ ಉತ್ತರ 623. ಎರಡರ ನಡುವೆ 185 ಮೀಟರ್.

ಬರೀ 523 ಎಂದು ಬರೆದುಕೊಂಡು ಹೋದವರು ಅರ್ಧ ದಿನ ಪೊದೆ ತಡಕಾಡಿ ವಾಪಸು ಬರುತ್ತಾರೆ. "ಸೆಲ್‌ವುಡ್ ಹಳೇದು, 1925 ಹಿಡಿದೇನಿ" ಎಂದು ಒಂದು ಸಾಲು ಬರೆದುಕೊಂಡವರು ನಿಂತ ಜಾಗದಲ್ಲೇ ವಹಿ ತೆರೆದು, ಇಲ್ಲದಿದ್ದರೆ ಹೊಸದಿರಬೇಕು ಎಂದು 185 ಮೀಟರ್ ಮುಂದೆ ನಡೆಯುತ್ತಾರೆ. ಲೆಕ್ಕದ ಮೊತ್ತ ಮಾತ್ರ ಇದ್ದರೆ ತಪ್ಪು ಹುಡುಕಲಾಗದು, ಬಾಬತ್ತು ಬರೆದಿದ್ದರೆ ಹುಡುಕಬಹುದು. ಇದನ್ನು ಮುನೀಮರಿಗೆ ಯಾರೂ ಕಲಿಸಬೇಕಾಗಿಲ್ಲ.

ಯಂತ್ರದ ವಹಿಯೂ ವಹಿಯೇ

ಕಾಗದವೇ ಆಗಬೇಕೆಂಬ ಹಟ ನನಗಿಲ್ಲ. ತಾಣದ ಪುಟದಲ್ಲೇ ತಿದ್ದಿದ ಜಾಗ ತುಂಬಲು ಅನುಕೂಲವಿದೆ. ಒಮ್ಮೆ ತುಂಬಿದರೆ ನಕ್ಷೆಯ ಮೇಲಿನ ಗುರುತು ಸುಳ್ಳು ಜಾಗ ಬಿಟ್ಟು ನಿಜವಾದ ಜಾಗಕ್ಕೆ ಸರಿಯುತ್ತದೆ. ಪಕ್ಕದಲ್ಲಿ ಸ್ವಂತ ಟಿಪ್ಪಣಿಗೂ ಜಾಗವಿದೆ. ಬಿಡಿಸಿದ ಬಗೆಯನ್ನು ಅಲ್ಲಿ ಬರೆಯಬಹುದು, ಬೇರೆಯವರಿಗೆ ಕಾಣಿಸದು. ಜಿಎಸ್‌ಎಕೆ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಸಾವಿರಾರು ಡಬ್ಬಿಗಳನ್ನಿಟ್ಟು, ಬಿಡಿಸಿದವು ಬೇರೆ ಬಿಡಿಸದವು ಬೇರೆ ಎಂದು ಜರಡಿ ಹಿಡಿಯುವವರೂ ಇದ್ದಾರೆ. ಆದರೆ ಕಾಡಿನಲ್ಲಿ ಫೋನಿಗೆ ಸಂಪರ್ಕ ಸಿಗದ ಕಡೆ ಬಹಳ. ಹೊರಡುವ ಮೊದಲೇ ಪಟ್ಟಿಯನ್ನು ಫೋನಿಗೆ ಇಳಿಸಿಕೊಂಡಿರಬೇಕು, ಇಲ್ಲವೇ ಜೇಬಿನಲ್ಲಿ ಚೀಟಿ ಇರಬೇಕು.

ಒಂದು ಮರ್ಯಾದೆಯ ಮಾತೂ ಇದೆ. ಬಿಡಿಸಿದ ಉತ್ತರಗಳ ಪಟ್ಟಿಯನ್ನು ಕಂಡಕಂಡವರಿಗೆ ಹಂಚುವವರು ಎಲ್ಲ ಕಡೆಯಂತೆ ಅಲ್ಲೂ ಇದ್ದಾರೆ. ಒಗಟು ಕಟ್ಟಿದವರ ವಾರಗಳ ಶ್ರಮ ಅದರಿಂದ ಒಂದು ನಿಮಿಷದಲ್ಲಿ ಮಣ್ಣುಪಾಲು. ವಹಿ ಗಲ್ಲೆಯ ಹತ್ತಿರ ಇರಬೇಕೇ ಹೊರತು ಕಟ್ಟೆಯ ಮೇಲೆ ಅಲ್ಲ.

ಮನೆಯಲ್ಲೊಂದು ಪ್ರತಿ

ಆದರೆ ಒಬ್ಬರಿಗೆ ಮಾತ್ರ ಆ ಪುಟ ಕೊಡಲೇಬೇಕು. ಇದು ಆಟದ ಮಾತಲ್ಲ, ಜೀವದ ಮಾತು.

ಪೋರ್ಟ್‌ಲ್ಯಾಂಡಿನ ಪಡುವಣ ಗುಡ್ಡದ ಮೇಲೆ ಫಾರೆಸ್ಟ್ ಪಾರ್ಕ್ ಎಂಬ ಕಾಡಿದೆ. ಊರಿನೊಳಗೇ 5,000 ಎಕರೆಗೂ ಹೆಚ್ಚು. ಆಚೆ ಮೌಂಟ್ ಹುಡ್ ಶಿಖರದ ಸುತ್ತಲಿನ ಅರಣ್ಯದ ಲೆಕ್ಕವೇ ಬೇರೆ. ಅಳಿಯ ಶನಿವಾರ ಒಬ್ಬನೇ ಹೋಗುವಾಗ ಹೆಂಡತಿಗೆ ಡಬ್ಬಿಯ ಹೆಸರು ಹೇಳಿ ಹೋಗುತ್ತಿದ್ದ. ನಾನು ಕೇಳಿದೆ: "ನೀ ಕತ್ತಲಾದರೂ ಬರಲಿಲ್ಲ ಅಂದರ ಆಕಿ ಪೊಲೀಸರಿಗೆ ಏನು ಹೇಳ್ಬೇಕು?" "ಡಬ್ಬಿ ಹೆಸರು ಹೇಳಿದರ ಸಾಕಲ್ಲ ಮಾಮಾ, ನಕ್ಷೆದಾಗ ಅದ." ನಕ್ಷೆಯಲ್ಲಿ ಇರುವುದು ಸುಳ್ಳು ಜಾಗ! ಹುಡುಕುವವರು 3 ಕಿಲೋಮೀಟರ್ ದೂರದ ಬೇರೆ ಕಣಿವೆಗೆ ಇಳಿಯಬಹುದು. ಕಾಲು ಮುರಿದುಕೊಂಡು ಬಿದ್ದವನಿಗೆ ಆ 3 ಕಿಲೋಮೀಟರ್ ಎಂದರೆ ಒಂದು ರಾತ್ರಿ.

ಹುಡುಗ ಮಾತಾಡಲಿಲ್ಲ. ಮುಂದಿನ ಶನಿವಾರದಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟತೊಡಗಿತು: ಬಿಡಿಸಿದ ನಿಜವಾದ ಜಾಗ, ಗಾಡಿ ನಿಲ್ಲಿಸುವ ಜಾಗ, ವಾಪಸು ಬರುವ ಹೊತ್ತು. ನಾನು ಅಲ್ಲಿದ್ದಷ್ಟು ದಿನ ಅದು ತಪ್ಪಲಿಲ್ಲ. ಅಷ್ಟು ಹೊತ್ತಿಗೆ ಮಗ್ಗುಲ ಮನೆಯ ನಿವೃತ್ತ ಹಿರಿಯರೊಬ್ಬರೂ ಗೆರೆ ಹೊಡೆದ ಪುಸ್ತಕ ಇಟ್ಟಿದ್ದರು. ಈ ಆಟದಲ್ಲಿ ಹಲವು ವರ್ಷ ಪಳಗಿದವರು. ಇತ್ತೀಚೆಗೆ ಮರೆವು ಜಾಸ್ತಿ ಎಂದು ತಾವೇ ನಗುತ್ತ ಹೇಳುತ್ತಿದ್ದರು.

ಕೊನೆಯ ಮನೆ ಒಂದು ಉಳಿಯಿತು: ಸಿಕ್ಕಿತು, ಅಥವಾ ಸಿಗಲಿಲ್ಲ. ಸಿಕ್ಕರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಸಹಿ ಹಾಕಿ, ಇದ್ದಲ್ಲೇ ಇಟ್ಟು, ತಾಣದಲ್ಲಿ ಎರಡು ಸಾಲು ಬರೆಯುತ್ತಾರೆ. ಸಿಗದಿದ್ದರೂ ಬರೆಯಬೇಕೆಂಬುದು ಅಲ್ಲಿನ ಒಳ್ಳೆಯ ಪದ್ಧತಿ. ಸಾಲುಸಾಲಾಗಿ ನಾಲ್ಕು ಜನ ಸಿಗಲಿಲ್ಲ ಎಂದು ಬರೆದರೆ ಡಬ್ಬಿ ಕಳೆದಿರಬಹುದೆಂದು ಮಾಲೀಕರು ಹೋಗಿ ನೋಡುತ್ತಾರೆ. ಐದನೆಯವರ ದಾರಿಖರ್ಚು ಉಳಿಯುತ್ತದೆ. ಲಾಭವಾದ ದಿನ ಮಾತ್ರ ವಹಿ ತೆರೆಯುವವರು ವ್ಯಾಪಾರಿಗಳಲ್ಲ. ಹಾನಿಯ ಸಾಲನ್ನೂ ಅದೇ ಶಾಯಿಯಲ್ಲಿ, ಅದೇ ತಾರೀಖಿಗೆ ಬರೆಯಬೇಕು.