ಆತ ಓಡಿಹೋದ ಮೇಲೆ

1980ರ ದಶಕದಲ್ಲಿ ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನ ಮಾಂಸದಂಗಡಿಗಳಲ್ಲಿ ತಪ್ಪದೆ ಸಿಗುತ್ತಿದ್ದದ್ದು ಹಂದಿಯ ಕಾಲು. ತೊಡೆಯಲ್ಲ, ಗೊರಸಿನ ಭಾಗ. ಒಳ್ಳೆಯ ಮಾಂಸವೆಲ್ಲ ರಫ್ತಾಗಿ ದೇಶಕ್ಕೆ ಡಾಲರ್ ತರುತ್ತಿತ್ತು. ಉಳಿದ ಈ ಕಾಲುಗಳಿಗೆ ಜನ ಇಟ್ಟ ಹೆಸರು ‘ಅಡಿಡಾಸ್’. ಇನ್ನೂ ಕೆಲವರು ‘ದೇಶಭಕ್ತರು’ ಅನ್ನುತ್ತಿದ್ದರು. ಹಂದಿಯ ಮಿಕ್ಕ ಭಾಗವೆಲ್ಲ ಗಡಿ ದಾಟಿ ಹೋದರೂ ಇವು ಮಾತ್ರ ತಾಯ್ನಾಡು ಬಿಡಲಿಲ್ಲವಲ್ಲ, ಅದಕ್ಕೆ. ಇಂಥ ಜೋಕುಗಳನ್ನು ರೊಮೇನಿಯಾದವರು ಹೇಳಿಕೊಂಡು ನಗುತ್ತಿದ್ದದ್ದು ಮನೆಯ ಬಾಗಿಲು ಹಾಕಿಕೊಂಡು, ಟೆಲಿಫೋನಿನ ಮೇಲೊಂದು ದಿಂಬು ಇಟ್ಟು.

ನಾನು ಆಗ ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕ. ರಾತ್ರಿ ಪಾಳಿ, ವಿದೇಶ ಪುಟ ನನ್ನ ಪಾಲಿಗೆ. 1989ರ ಡಿಸೆಂಬರ್ ಅಂದರೆ ದೆಹಲಿಯಲ್ಲಿ ವಿ.ಪಿ. ಸಿಂಗ್ ಹೊಸದಾಗಿ ಪ್ರಧಾನಿ, ಇಲ್ಲಿ ವೀರೇಂದ್ರ ಪಾಟೀಲರು ಹೊಸದಾಗಿ ಮುಖ್ಯಮಂತ್ರಿ. ಪೂರ್ವ ಯುರೋಪಿನ ಸುದ್ದಿಗೆ ಒಳಪುಟದಲ್ಲಿ ಎರಡು ಕಾಲಂ ಸಿಕ್ಕರೆ ಪುಣ್ಯ. ಆದರೂ ಆ ವರ್ಷ ಟೆಲಿಪ್ರಿಂಟರ್ ಬಿಡುವು ಕೊಡಲಿಲ್ಲ. ಪೋಲೆಂಡ್, ಹಂಗೇರಿ, ನವೆಂಬರ್ 9ಕ್ಕೆ ಬರ್ಲಿನ್ ಗೋಡೆ, ಆಮೇಲೆ ಪ್ರಾಗ್. ಎಲ್ಲ ಕಡೆಯೂ ಹೆಚ್ಚುಕಡಿಮೆ ರಕ್ತ ಹರಿಯದೆ ಮುಗಿಯಿತು. ರೊಮೇನಿಯಾ ಒಂದು ಉಳಿದಿತ್ತು. ‘ಅಲ್ಲೇನೂ ಆಗಲ್ಲ ಕಣಯ್ಯ, ಅವನು ಕಲ್ಲು’ ಎಂದು ನಮ್ಮ ಚೀಫ್ ಸಬ್ ಹೇಳುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ. ನವೆಂಬರ್ ಕೊನೆಯಲ್ಲಿ ನಡೆದ ಪಕ್ಷದ ಮಹಾಧಿವೇಶನ ನಿಕೊಲಾಯ್ ಚೌಷೆಸ್ಕುನನ್ನು ಮತ್ತೆ ನಾಯಕನನ್ನಾಗಿ ಆರಿಸಿತ್ತು, ಪ್ರತಿನಿಧಿಗಳು ಮತ್ತೆ ಮತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅದಾಗಿ ಐದು ವಾರ ತುಂಬುವುದರೊಳಗೆ ಆತ ಹೆಣವಾಗಿದ್ದ.

ಈ ಮನುಷ್ಯ ಒಂದು ಕಾಲಕ್ಕೆ ಜನಪ್ರಿಯನಾಗಿದ್ದ ಎಂಬುದನ್ನು ಮರೆತರೆ ಕತೆ ಅರ್ಥವಾಗುವುದಿಲ್ಲ. ಹಳ್ಳಿಯಿಂದ ಬಂದು ಚಪ್ಪಲಿ ಹೊಲಿಯುವ ಕಸುಬು ಕಲಿತವನು, 1965ರಲ್ಲಿ ಪಕ್ಷದ ಮುಖ್ಯಸ್ಥನಾದ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಬುಕಾರೆಸ್ಟಿನ ಪಕ್ಷದ ಕಚೇರಿಯ ಬಾಲ್ಕನಿಯಲ್ಲಿ ನಿಂತು, ಇದು ತಪ್ಪು ಎಂದು ಬಹಿರಂಗವಾಗಿ ಹೇಳಿದ. ಚೌಕದಲ್ಲಿ ನೆರೆದಿದ್ದವರು ಮನಸಾರೆ ಜೈಕಾರ ಹಾಕಿದರು. ಅಷ್ಟೇ ಸಾಕಾಯಿತು, ಪಶ್ಚಿಮದ ದೇಶಗಳು ಮರುಳಾದವು. 1969ರಲ್ಲಿ ನಿಕ್ಸನ್ ಬುಕಾರೆಸ್ಟಿಗೆ ಬಂದರು, 1978ರಲ್ಲಿ ಈತ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಣಿಯ ಅತಿಥಿಯಾದ. ಸಾಲವೂ ಧಾರಾಳವಾಗಿ ಸಿಕ್ಕಿತು. ಅದು ಸುಮಾರು 1,000 ಕೋಟಿ ಡಾಲರ್ ಮುಟ್ಟಿದಾಗ ಆತನಿಗೆ ಹಟ ಬಂತು: ಒಂದು ಪೈಸೆ ಉಳಿಸದೆ ತೀರಿಸಿಬಿಡಬೇಕು. 1989ರ ವಸಂತದ ಹೊತ್ತಿಗೆ ತೀರಿಸಿಯೂ ಬಿಟ್ಟ. ತೀರಿಸಿದ್ದು ಜನರ ಹೊಟ್ಟೆಯಿಂದ. ಬ್ರೆಡ್ಡಿಗೆ, ಎಣ್ಣೆಗೆ, ಸಕ್ಕರೆಗೆ ರೇಷನ್. ಕೊರೆಯುವ ಚಳಿಯಲ್ಲಿ ಮನೆ ಬೆಚ್ಚಗಿಡುವ ವ್ಯವಸ್ಥೆ ಅರ್ಧಂಬರ್ಧ, ಕೋಣೆಗೆ 40 ವಾಟಿನ ಬಲ್ಬು. ಟಿವಿ ದಿನಕ್ಕೆ ಎರಡು ಗಂಟೆ, ಅದರಲ್ಲೂ ಬಹುಪಾಲು ಆತನದೇ ಮುಖ. ಅದೇ ಹೊತ್ತಿನಲ್ಲಿ ರಾಜಧಾನಿಯ ನಡುವೆ ಹಳೆಯ ಬಡಾವಣೆಗಳನ್ನೇ ನೆಲಸಮ ಮಾಡಿ ಸಾವಿರಕ್ಕೂ ಹೆಚ್ಚು ಕೋಣೆಗಳ ‘ಜನತಾ ಭವನ’ ಏಳುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದಾರಿಗೆ ಅಡ್ಡವಾದ ಕೆಲವು ಚರ್ಚುಗಳನ್ನು ಎಂಜಿನಿಯರುಗಳು ಅಡಿಪಾಯದಿಂದ ಬಿಡಿಸಿ, ಹಳಿಯ ಮೇಲೆ ತಳ್ಳಿಕೊಂಡು ಹೋಗಿ ವಸತಿ ಸಮುಚ್ಚಯಗಳ ಹಿಂದೆ ನಿಲ್ಲಿಸಿದರು. ಕಣ್ಣಿಗೆ ಬೀಳದಿದ್ದರೆ ಸಾಕಿತ್ತು.

ಹಸಿವು, ಚಳಿ ಬೇರೆ ಸರ್ವಾಧಿಕಾರಗಳಲ್ಲೂ ಉಂಟು. ಚೌಷೆಸ್ಕುವಿನ ಕ್ರೌರ್ಯ ನನಗೆ ನಿಜವಾಗಿ ಅರ್ಥವಾದದ್ದು 1966ರ 770ನೇ ಆದೇಶದ ಬಗ್ಗೆ ಓದಿದಾಗ. ದೇಶದ ಜನಸಂಖ್ಯೆ ಏರಬೇಕು ಎಂದು ಗರ್ಭಪಾತಕ್ಕೆ ನಿಷೇಧ. ಗರ್ಭನಿರೋಧಕಗಳು ಅಂಗಡಿಯಿಂದ ಮಾಯ. ಮಕ್ಕಳಿಲ್ಲದವರಿಗೆ ಹೆಚ್ಚುವರಿ ತೆರಿಗೆ. ಆಮೇಲಾಮೇಲೆ ಕಾರ್ಖಾನೆಗಳಿಗೇ ವೈದ್ಯರನ್ನು ಕಳಿಸಿ ಹೆಣ್ಣಾಳುಗಳನ್ನು ಪರೀಕ್ಷಿಸಿ, ಬಸಿರಾಗಿದ್ದರೆ ಬರೆದಿಟ್ಟುಕೊಂಡು, ಮುಂದೆ ಮಗು ಹುಟ್ಟಿತೋ ಇಲ್ಲವೋ ಎಂದು ಲೆಕ್ಕ ಕೇಳುವ ಪದ್ಧತಿ ಬಂತು. ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಸತ್ತ ಹೆಂಗಸರು ಸುಮಾರು 10,000. ರಕ್ತ ಸುರಿಯುತ್ತಿದ್ದರೂ, ಯಾರು ಮಾಡಿದ್ದು ಹೇಳು ಎಂದು ಪೊಲೀಸರು ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದರು. 1990ರಲ್ಲಿ ಹೊರಗಿನ ಕ್ಯಾಮೆರಾಗಳು ಒಳಹೊಕ್ಕಾಗ ಅಂಥ ಮಕ್ಕಳು ಲಕ್ಷಕ್ಕೂ ಮೇಲಿದ್ದರು. ಕಬ್ಬಿಣದ ತೊಟ್ಟಿಲುಗಳಿಗೆ ಕಟ್ಟಿಹಾಕಿದವರು, ಮಾತೇ ಕಲಿಯದವರು. ಸೂಜಿ ಬದಲಿಸದೆ ಚುಚ್ಚಿ, ಪರೀಕ್ಷಿಸದ ರಕ್ತ ಕೊಟ್ಟು ಸಾವಿರಾರು ಮಕ್ಕಳಿಗೆ ಎಚ್‌ಐವಿ ಅಂಟಿಸಿದ್ದರು. ಈ ಆದೇಶದ ದಿನಗಳು ಹೇಗಿದ್ದವು ಎಂದು ನೋಡಬೇಕೆನ್ನುವವರು ಕ್ರಿಸ್ಟಿಯನ್ ಮುಂಜಿಯು ಅವರ ‘4 ತಿಂಗಳು, 3 ವಾರ, 2 ದಿನ’ ಚಿತ್ರ ನೋಡಬೇಕು. 2007ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಬಂತು.

ಇಷ್ಟೆಲ್ಲ ಸಹಿಸಿದ್ದು ಯಾಕೆ? ಕಾರಣ ಸೆಕುರಿಟಾಟೆ, ಅಂದರೆ ಗುಪ್ತ ಪೊಲೀಸ್. ಅದಕ್ಕೆ ಸುದ್ದಿ ಮುಟ್ಟಿಸುವವರು ಲಕ್ಷಗಟ್ಟಲೆ. ಟೈಪ್‌ರೈಟರ್ ಇದ್ದವರು ಅದನ್ನು ಪೊಲೀಸರಲ್ಲಿ ನೋಂದಾಯಿಸಿ ಅಕ್ಷರಗಳ ಮಾದರಿ ಕೊಡಬೇಕಿತ್ತು; ಗೋಡೆಗೆ ಕರಪತ್ರ ಅಂಟಿದರೆ ಯಾರ ಮಷೀನು ಎಂದು ಪತ್ತೆಯಾಗಬೇಕಲ್ಲ. ಪಕ್ಕದವನೂ ತನ್ನಂತೆಯೇ ಈತನನ್ನು ದ್ವೇಷಿಸುತ್ತಾನೆ ಎಂಬುದು ಪ್ರತಿಯೊಬ್ಬನಿಗೂ ಅನುಮಾನ, ಯಾರಿಗೂ ಖಾತ್ರಿ ಇಲ್ಲ. ತೈಮೂರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞ ಪೂರ್ವ ಯುರೋಪಿನ ಆ ವರ್ಷವನ್ನು ವಿವರಿಸಿದ್ದು ಹೀಗೆಯೇ. ಎಲ್ಲರೂ ಒಳಗೊಂದು ಹೊರಗೊಂದು ಆಗಿ ಬದುಕುವ ಕಡೆ ಆಳುವವನ ಬಲ ಎಷ್ಟೆಂದು ಆಳುವವನಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಬಿದ್ದಾಗ ಎಲ್ಲರಿಗೂ ಆಶ್ಚರ್ಯ.

ಆ ಖಾತ್ರಿ ಮೊದಲು ಸಿಕ್ಕಿದ್ದು ಪಶ್ಚಿಮ ಗಡಿಗೆ ಹತ್ತಿರದ ತಿಮಿಷ್ವಾರ ಊರಿನಲ್ಲಿ. ಯುಗೊಸ್ಲಾವಿಯಾ, ಹಂಗೇರಿಯ ಟಿವಿ ಅಲ್ಲಿಗೆ ಸಿಗುತ್ತಿತ್ತು, ಹಾಗಾಗಿ ಬರ್ಲಿನ್ ಸಂಗತಿ ಅಲ್ಲಿನವರಿಗೆ ಗೊತ್ತಿತ್ತು. ಲಾಸ್ಲೊ ಟೋಕೆಶ್ ಎಂಬ ಹಂಗೇರಿಯನ್ ಮೂಲದ ಪಾದ್ರಿಯನ್ನು ಮನೆಯಿಂದ ಎತ್ತಂಗಡಿ ಮಾಡಲು ಹೊರಟಾಗ, ಡಿಸೆಂಬರ್ 15ರಂದು ಆತನ ಭಕ್ತರು ಮನೆ ಮುಂದೆ ಬಂದು ನಿಂತರು. ಮರುದಿನ ರೊಮೇನಿಯನ್ನರೂ ಸೇರಿಕೊಂಡರು. 17ರಂದು ಸೈನ್ಯ ಗುಂಡು ಹಾರಿಸಿತು. 40ಕ್ಕೂ ಹೆಚ್ಚು ಶವಗಳನ್ನು ಆಸ್ಪತ್ರೆಯಿಂದ ರಾತ್ರೋರಾತ್ರಿ ಲಾರಿಯಲ್ಲಿ ಬುಕಾರೆಸ್ಟಿಗೆ ಸಾಗಿಸಿ, ಸುಟ್ಟು, ಬೂದಿಯನ್ನು ಚರಂಡಿಗೆ ಸುರಿದರು. ಚೌಷೆಸ್ಕು ಮಾತ್ರ ಏನೂ ಆಗದವನಂತೆ 18ರಂದು ಇರಾನ್ ಪ್ರವಾಸಕ್ಕೆ ಹೊರಟ.

ವಾಪಸ್ಸು ಬಂದವನು ಮಾಡಿದ ಕೆಲಸ, ತನ್ನ ಪರವಾಗಿ ತಾನೇ ಸಭೆ ಕರೆದದ್ದು. ಡಿಸೆಂಬರ್ 21, ಅದೇ ಚೌಕ, ಅದೇ ಬಾಲ್ಕನಿ. ಕಾರ್ಖಾನೆಗಳಿಂದ ಬಸ್ಸುಗಳಲ್ಲಿ ತುಂಬಿ ತಂದ ಸುಮಾರು ಲಕ್ಷ ಜನ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೂಗು, ಸಿಳ್ಳೆ. ಆತ ಕೈ ಎತ್ತಿದ. ‘ಅಲೋ, ಅಲೋ’ ಎಂದು ಮೈಕಿನಲ್ಲಿ ಕರೆಯತೊಡಗಿದ. ಹೆಂಡತಿ ಎಲೆನಾ ಪಕ್ಕದಿಂದ ಸುಮ್ಮನಿರಿ ಎಂದು ಗದರುತ್ತಿದ್ದಳು. ನೇರಪ್ರಸಾರ ಕೆಲವು ನಿಮಿಷ ಕಡಿದುಹೋಯಿತು. ಮತ್ತೆ ಶುರುವಾದಾಗ ಆತ ಸಂಬಳ, ಪಿಂಚಣಿ ಏರಿಸುವುದಾಗಿ ಘೋಷಿಸುತ್ತಿದ್ದ. ಹಿಂದಿನ ದಿನದವರೆಗೆ ದೇವರಂತೆ ಕಂಡವನು ಚೌಕಾಶಿಗೆ ಇಳಿದದ್ದನ್ನು ಇಡೀ ದೇಶ ನೋಡಿತು. ಆ ತುಣುಕನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣು ಹೋಗುವುದು ಆತನ ಹಿಂದೆ ಸಾಲಾಗಿ ನಿಂತವರ ಕಡೆಗೆ.

ಮರುದಿನ ಬೆಳಿಗ್ಗೆ ರಕ್ಷಣಾ ಸಚಿವ ವಾಸಿಲೆ ಮಿಲಿಯಾ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದರು, ಸೈನಿಕರು ಕೊಲೆ ಎಂದೇ ನಂಬಿ ಜನರ ಕಡೆ ತಿರುಗಿದರು. ಮಧ್ಯಾಹ್ನ 12:08ಕ್ಕೆ ಪಕ್ಷದ ಕಚೇರಿಯ ಮಾಳಿಗೆಯಿಂದ ಹೆಲಿಕಾಪ್ಟರ್ ಎದ್ದಿತು. ಪೈಲಟ್ ರೇಡಾರಿನ ನೆಪ ಹೇಳಿ ಹೊಲದ ಪಕ್ಕ ಇಳಿಸಿದ. ದೇಶದ ಅಧ್ಯಕ್ಷ ದಂಪತಿ ರಸ್ತೆಯಲ್ಲಿ ಹೋಗುವ ಕಾರುಗಳನ್ನು ತಡೆದು ಲಿಫ್ಟ್ ಕೇಳಬೇಕಾಯಿತು. ಕಾರು ಕೊಟ್ಟ ಒಬ್ಬ ವೈದ್ಯ ಎಂಜಿನ್ ಕೆಟ್ಟಿತೆಂದು ನಟಿಸಿ ಕೈತೊಳೆದುಕೊಂಡ. ಸಂಜೆಗೆ ಅವರು ತರ್ಗೊವಿಷ್ಟೆಯ ಸೇನಾ ಶಿಬಿರದಲ್ಲಿ ಬಂದಿಗಳು.

ಸಾಮಾನ್ಯವಾಗಿ ಲೇಖನಗಳು ಇಲ್ಲಿ ಮುಗಿಯುತ್ತವೆ. ನನಗೆ ಕಾಡುವುದು ಇಲ್ಲಿಂದ ಮುಂದಿನದು. ಆ ಡಿಸೆಂಬರಿನಲ್ಲಿ ಸತ್ತವರು 1,100ಕ್ಕೂ ಹೆಚ್ಚು. ಅವರಲ್ಲಿ ಹೆಲಿಕಾಪ್ಟರ್ ಏಳುವ ಮೊದಲು ಸತ್ತವರು ಸುಮಾರು 160. ಉಳಿದ ಒಂಬೈನೂರು ಚಿಲ್ಲರೆ ಮಂದಿ ಸತ್ತದ್ದು ಸರ್ವಾಧಿಕಾರಿ ಓಡಿಹೋದ ಮೇಲೆ, ಗೆದ್ದೆವು ಎಂದು ಕವಿ ಮಿರ್ಚಿಯಾ ದಿನೆಸ್ಕು ಟಿವಿಯಲ್ಲಿ ಸಾರಿದ ಮೇಲೆ. ಕೊಂದವರು ಯಾರು? ‘ಭಯೋತ್ಪಾದಕರು’ ಎಂದು ಟಿವಿ ಹಗಲೂ ರಾತ್ರಿ ಹೇಳಿತು. ಚೌಷೆಸ್ಕುವಿಗೆ ನಿಷ್ಠರಾದ ಸೆಕುರಿಟಾಟೆ ಪಡೆ, ಅರಬ್ ಕೂಲಿ ಸೈನಿಕರು, ವಿಷ ಬೆರೆಸಿದ ನೀರು, ಹೀಗೆ ಗಂಟೆಗೊಂದು ಸುದ್ದಿ. ಕತ್ತಲಲ್ಲಿ ಸೈನ್ಯದ ತುಕಡಿಗಳು ಒಂದರ ಮೇಲೊಂದು ಗುಂಡು ಹಾರಿಸಿಕೊಂಡವು. ಒಟೊಪೇನಿ ವಿಮಾನ ನಿಲ್ದಾಣದ ರಕ್ಷಣೆಗೆಂದು ಕರೆಸಿಕೊಂಡ ಸೈನಿಕರನ್ನೇ ಅಲ್ಲಿನ ಕಾವಲಿನವರು 23ರ ಬೆಳಿಗ್ಗೆ ಶತ್ರುಗಳೆಂದು ಬಗೆದು ಕೊಂದರು. ಹತ್ತಾರು ಮಂದಿ ಬಸ್ಸು, ಲಾರಿಗಳಲ್ಲೇ ಹೋದರು. ಬುಕಾರೆಸ್ಟಿನ ಕೇಂದ್ರ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಸುಮಾರು 5 ಲಕ್ಷ ಪುಸ್ತಕ ಸುಟ್ಟುಹೋದವು. ‘ಭಯೋತ್ಪಾದಕ’ ಎಂದು ಒಬ್ಬನಿಗೂ ಮುಂದೆ ಶಿಕ್ಷೆಯಾಗಲಿಲ್ಲ.

ಟೆಲಿಪ್ರಿಂಟರಿನಲ್ಲಿ ಬಂದ ಸಂಖ್ಯೆಗಳು ನನಗೆ ಈಗಲೂ ನೆನಪಿವೆ. ತಿಮಿಷ್ವಾರ ಒಂದರಲ್ಲೇ 4,000, ಒಟ್ಟು 60,000. ಅಲ್ಲಿನ ಬಡವರ ಸ್ಮಶಾನದಿಂದ ಅಗೆದು ಸಾಲಾಗಿ ಮಲಗಿಸಿದ ಶವಗಳನ್ನು ಜಗತ್ತಿನ ಟಿವಿಗಳು ನರಮೇಧವೆಂದು ತೋರಿಸಿದವು. ಅವರು ಮೊದಲೇ ಬೇರೆ ಕಾರಣಗಳಿಂದ ಸತ್ತವರು ಎಂದು ಆಮೇಲೆ ತಿಳಿಯಿತು. ನಿಜವಾಗಿ ಗುಂಡಿಗೆ ಬಿದ್ದವರು ಅಷ್ಟರಲ್ಲಿ ಬೂದಿಯಾಗಿದ್ದರು. ಆ 60,000ವೇ ಡಿಸೆಂಬರ್ 25ರಂದು ಆರೋಪಪಟ್ಟಿಯಲ್ಲೂ ಸೇರಿಕೊಂಡಿತು. ವಿಚಾರಣೆ ನಡೆದದ್ದು ಸುಮಾರು ಒಂದು ಗಂಟೆ. ಆತನ ಪರ ವಕೀಲರೇ ಆತನನ್ನು ದೂರಿದರು. ತೀರ್ಪು ಬಂದ ಕೆಲವೇ ನಿಮಿಷಗಳಲ್ಲಿ ಗಂಡ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಕೊಂದರು. ಎರಡು ವಾರದೊಳಗೆ ಹೊಸ ಸರ್ಕಾರ ಮರಣದಂಡನೆಯನ್ನೇ ರದ್ದುಮಾಡಿತು. ಸತ್ತವನ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಆತ ಬದುಕಿದ್ದು ನ್ಯಾಯಾಲಯದಲ್ಲಿ ಬಾಯಿಬಿಟ್ಟಿದ್ದರೆ ಯಾರ್‍ಯಾರ ಹೆಸರು ಬರುತ್ತಿತ್ತು ಎಂಬುದು ಬೇರೆ ಪ್ರಶ್ನೆ.

ಆ ವಿಚಾರಣೆಯನ್ನು ಏರ್ಪಡಿಸಿದ ಜನರಲ್ ವಿಕ್ಟರ್ ಸ್ಟನ್ಕುಲೆಸ್ಕುವನ್ನೇ ನೋಡಿ. ತಿಮಿಷ್ವಾರದಲ್ಲಿ ಗುಂಡು ಹಾರಿಸಿದ ದಂಡಿನ ಮೇಲಧಿಕಾರಿಗಳಲ್ಲಿ ಒಬ್ಬ. ಬುಕಾರೆಸ್ಟಿಗೆ ಮರಳಿದವನು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಆಸ್ಪತ್ರೆಗೆ ಹೋಗಿ ಚೆನ್ನಾಗಿದ್ದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ. ಆದರೂ 22ರಂದು ಕರೆ ಬಂತು. ಹೋಗಿ, ಸೈನ್ಯವನ್ನು ಬ್ಯಾರಕ್ಕಿಗೆ ಕಳಿಸಿ, ಒಡೆಯನನ್ನು ಹೆಲಿಕಾಪ್ಟರ್ ಹತ್ತಿಸಿದ. ಮೂರು ದಿನದ ಮೇಲೆ ಅದೇ ಒಡೆಯನ ವಿಚಾರಣೆಗೆ ಗುಂಡಿಕ್ಕುವ ಯೋಧರನ್ನು ತಾನೇ ಜೊತೆಗೆ ಕರೆದುಕೊಂಡು ಹೋದ. ಮುಂದೆ ಹೊಸ ಸರ್ಕಾರದಲ್ಲಿ ರಕ್ಷಣಾ ಸಚಿವ. ತಿಮಿಷ್ವಾರದ ಸಾವುಗಳಿಗಾಗಿ ಆತನಿಗೆ ಅಂತಿಮವಾಗಿ ಜೈಲಾದದ್ದು 2008ರಲ್ಲಿ.

ಅಧಿಕಾರ ಹಿಡಿದ ‘ರಾಷ್ಟ್ರ ವಿಮೋಚನಾ ರಂಗ’ದ ಮುಖ್ಯಸ್ಥ ಇಯೋನ್ ಇಲಿಯೆಸ್ಕು ಕೂಡ ಹಳೆಯ ಪಕ್ಷದವರೇ, ಚೌಷೆಸ್ಕು ಮೂಲೆಗೆ ತಳ್ಳಿದ್ದ ನಾಯಕ, ಒಂದು ತಾಂತ್ರಿಕ ಪ್ರಕಾಶನ ಸಂಸ್ಥೆ ನಡೆಸಿಕೊಂಡಿದ್ದರು. 1990ರ ಮೇ ಚುನಾವಣೆಯಲ್ಲಿ ಅವರಿಗೆ ಶೇಕಡ 85 ಮತ. ಮರುತಿಂಗಳೇ, ಹಳೆಯ ಕಮ್ಯುನಿಸ್ಟರು ಬೇಡ ಎಂದು ವಿಶ್ವವಿದ್ಯಾಲಯದ ಚೌಕದಲ್ಲಿ ಕುಳಿತವರ ವಿರುದ್ಧ ಅವರು ನೆರವಿಗೆ ಕರೆದಾಗ, ಜಿಯು ಕಣಿವೆಯ ಗಣಿ ಕಾರ್ಮಿಕರು ಸಾವಿರಗಟ್ಟಲೆ ರೈಲಿನಲ್ಲಿ ಬಂದಿಳಿದರು. ದೊಣ್ಣೆ ಹಿಡಿದು ವಿದ್ಯಾರ್ಥಿಗಳನ್ನು ಬಡಿದರು, ವಿರೋಧ ಪಕ್ಷಗಳ ಕಚೇರಿಗಳನ್ನು ಪುಡಿಮಾಡಿದರು. ಇಲಿಯೆಸ್ಕು ಆ ಕಾರ್ಮಿಕರಿಗೆ ವಂದನೆ ಸಲ್ಲಿಸಿ ಊರಿಗೆ ಕಳಿಸಿಕೊಟ್ಟರು. ಮರುವರ್ಷ ಬೆರೆವೊಯೆಷ್ಟಿ ಎಂಬ ಹಳ್ಳಿಯ ಬಳಿ ಹೂತಿಟ್ಟ ಸೆಕುರಿಟಾಟೆ ಕಡತಗಳ ರಾಶಿ ಪತ್ತೆಯಾಯಿತು. ಜನ ತಮ್ಮ ತಮ್ಮ ಕಡತ ನೋಡಬಹುದು ಎಂಬ ಕಾನೂನು ಬರಲು 1999 ಆಗಬೇಕಾಯಿತು. ಅಷ್ಟರಲ್ಲಿ ಸುಡುವುದನ್ನು ಸುಟ್ಟು, ತಿದ್ದುವುದನ್ನು ತಿದ್ದಲು ಹತ್ತು ವರ್ಷ ಸಿಕ್ಕಿತ್ತು.

ಬದುಕೂ ಹಸನಾಗಲಿಲ್ಲ. 1993ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಮೂರು ಪಟ್ಟಿಗೂ ಮೇಲೆ ಏರಿದವು. ಕ್ಲೂಜ್ ನಗರದ ‘ಕಾರಿತಾಸ್’ ಎಂಬ ಕಂಪನಿ ಮೂರು ತಿಂಗಳಲ್ಲಿ ಎಂಟು ಪಟ್ಟು ಹಣ ಕೊಡುತ್ತೇನೆ ಎಂದಾಗ ಲಕ್ಷಾಂತರ ಜನ ರೈಲು ಹತ್ತಿ ಹೋಗಿ ದುಡ್ಡು ಕಟ್ಟಿದರು. 1994ರಲ್ಲಿ ಅದು ಮುಳುಗಿತು. (ಚಿಟ್‌ಫಂಡ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) 2007ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ ದೇಶ ಚೇತರಿಸಿಕೊಂಡಿತು, ಜೊತೆಗೇ ಖಾಲಿಯೂ ಆಯಿತು. ಇಟಲಿ, ಸ್ಪೇನ್ ಕಡೆ ಹೋದವರು ಹೋದರು. 2.3 ಕೋಟಿ ಇದ್ದ ಜನಸಂಖ್ಯೆ 2021ರ ಗಣತಿಯಲ್ಲಿ 1.9 ಕೋಟಿ. ಹೆರಿ ಎಂದು ಹೆಂಗಸರ ಬೆನ್ನಿಗೆ ಬಿದ್ದವನ ದೇಶದ ಲೆಕ್ಕ ಇದು. ಸಮೀಕ್ಷೆ ಮಾಡಿದಾಗಲೆಲ್ಲ ಚೌಷೆಸ್ಕು ಕಾಲವೇ ವಾಸಿ, ಎಲ್ಲರಿಗೂ ಕೆಲಸ ಇತ್ತು, ಮನೆ ಇತ್ತು ಎನ್ನುವವರು ದೊಡ್ಡ ಸಂಖ್ಯೆಯಲ್ಲಿ ಸಿಗುತ್ತಾರೆ. ಅವರಲ್ಲಿ ಆ ಕಾಲವನ್ನು ಕಾಣದ ಹುಡುಗರೂ ಇದ್ದಾರೆ. ನಮ್ಮಲ್ಲೂ ತುರ್ತು ಪರಿಸ್ಥಿತಿಯಲ್ಲಿ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು ಎನ್ನುವ ಹಿರಿಯರಿಲ್ಲವೇ?

ಡಿಸೆಂಬರ್ ಸಾವುಗಳ ತನಿಖೆ ಎಳೆದಾಡುತ್ತಲೇ ಇತ್ತು. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾಕ್ಕೆ ಛೀಮಾರಿ ಹಾಕಿತು. 2019ರಲ್ಲಿ ಇಲಿಯೆಸ್ಕು ಮೇಲೆ ಮಾನವೀಯತೆಯ ವಿರುದ್ಧದ ಅಪರಾಧದ ಆರೋಪಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಟಿವಿಯ ಮೂಲಕ ಭೀತಿ ಹಬ್ಬಿಸಿ ಆ ಗುಂಡಿನ ಕಾಳಗಕ್ಕೆ ಕಾರಣರಾದರು ಎಂಬುದು ಪ್ರಾಸಿಕ್ಯೂಟರುಗಳ ವಾದ, ಇಲಿಯೆಸ್ಕು ಅದನ್ನು ಒಪ್ಪಲಿಲ್ಲ. ಕಡತ ಹೋಗುತ್ತಾ ಬರುತ್ತಾ ಇರುವಾಗಲೇ, 2025ರ ಆಗಸ್ಟ್ 5ರಂದು ಅವರು 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಯಿತು.

ಈ ಕತೆ ತಲೆಯಲ್ಲಿದ್ದದ್ದರಿಂದಲೋ ಏನೋ, 2024ರ ಡಿಸೆಂಬರ್ 8ರಂದು ಸಿರಿಯಾದ ಬಶರ್ ಅಲ್ ಅಸಾದ್ ಮಾಸ್ಕೋಗೆ ಓಡಿಹೋದ ಸುದ್ದಿ ಬಂದಾಗ ನಮ್ಮ ಮನೆಯವರೆಲ್ಲ ಟಿವಿಯಲ್ಲಿ ಆತನ ಅರಮನೆಯ ಗ್ಯಾರೇಜಿನ ಕಾರುಗಳನ್ನು ನೋಡುತ್ತಿದ್ದರೆ ನಾನು ಮೊಬೈಲಿನಲ್ಲಿ ಸೆದ್ನಾಯಾ ಜೈಲಿನ ಚಿತ್ರಗಳನ್ನು ಹುಡುಕುತ್ತಿದ್ದೆ. ಕಾಣೆಯಾದ ಮಗನ, ಅಣ್ಣನ ಹೆಸರು ಸಿಗಬಹುದೇ ಎಂದು ಜನ ರಿಜಿಸ್ಟರುಗಳನ್ನು ಕಿತ್ತಾಡಿ ನೋಡುತ್ತಿದ್ದರು. ಹಾಳೆಗಳು ನೆಲದ ಮೇಲೆ ಚೆಲ್ಲಾಪಿಲ್ಲಿ, ಅವುಗಳ ಮೇಲೆಯೇ ಓಡಾಟ. ಅವು ಸಾಕ್ಷ್ಯ, ಕಾಪಾಡಿ ಎಂದು ಮಾನವ ಹಕ್ಕು ಸಂಘಟನೆಗಳು ಆ ವಾರವೇ ಕೂಗಿಕೊಳ್ಳತೊಡಗಿದ್ದವು.